ಸ್ಯಾಡಲ್ ಪೀಕ್: ಎತ್ತರ ಕಮ್ಮಿ, ಬೆವರು ಜಾಸ್ತಿ

ಅಂಡಮಾನ್ ಪ್ರವಾಸದ ಪಟ್ಟಿಗೆ ಈಗ ಬೆಟ್ಟವೂ ಸೇರಿಕೊಂಡಿದೆ. ಉತ್ತರ ಅಂಡಮಾನಿನ ಡಿಗ್ಲಿಪುರದ ಬಳಿಯ ಸ್ಯಾಡಲ್ ಪೀಕ್ ಆ ದ್ವೀಪಸಮೂಹದ ಅತಿ ಎತ್ತರದ ಶಿಖರ. ಅದನ್ನು ಹತ್ತುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಕುಮಾರ ಪರ್ವತ ಎರಡು ಸಲ ಹತ್ತಿದ್ದೇವೆ. ಸ್ಯಾಡಲ್ ಪೀಕ್ ಬರೀ 732 ಮೀಟರ್ ಅಂತೆ. ಬೆಳಿಗ್ಗೆ ಹತ್ತಿ ಇಳಿದು, ಮಧ್ಯಾಹ್ನ ರಾಸ್ ಮತ್ತು ಸ್ಮಿತ್ ದ್ವೀಪ ನೋಡಿಬರಬಹುದೇ?
– ಓದುಗರು, ಪುತ್ತೂರು

ಆಗುವುದಿಲ್ಲ. ಎರಡಕ್ಕೂ ಒಂದೊಂದು ದಿನ ಇಟ್ಟುಕೊಳ್ಳಿ.

ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಸುಮಾರು 1,600 ಮೀಟರ್ ಏರಬೇಕು. ಇಲ್ಲಿ ಅದರ ಅರ್ಧವೂ ಇಲ್ಲ, ಲೆಕ್ಕ ಸರಿ. ಆದರೆ ನಂದಿಬೆಟ್ಟದ 1,478 ಮೀಟರಿನಲ್ಲಿ ಬಹುಪಾಲನ್ನು ಬಯಲುಸೀಮೆಯ ನೆಲವೇ ನಮಗಾಗಿ ಏರಿಬಿಟ್ಟಿರುತ್ತದೆ. ಸ್ಯಾಡಲ್ ಪೀಕಿನಲ್ಲಿ ಅಂಥ ರಿಯಾಯಿತಿ ಇಲ್ಲ. ಹೊರಡುವುದು ಲಾಮಿಯಾ ಬೇ ಎಂಬ ಕಡಲತೀರದಿಂದ, ಹಾಗಾಗಿ 732 ಮೀಟರನ್ನೂ ಕಾಲಿನಲ್ಲೇ ಏರಬೇಕು. ಒಂದು ಕಡೆಗೆ ಸುಮಾರು 8 ಕಿ.ಮೀ., ಹೋಗಿಬರಲು 16. ಮೊದಲ ಭಾಗ ಕಡಲಂಚಿನ ಕಾಡು ಮತ್ತು ಕಲ್ಲುಗಳ ದಂಡೆಯ ಮೇಲಿನ ಮಟ್ಟಸ ದಾರಿ, ಆಮೇಲೆ ಒಳಕ್ಕೆ ತಿರುಗಿ ಏರು. ಏರೆಲ್ಲ ಉಳಿದ ದೂರದಲ್ಲೇ ಒತ್ತಿಕೊಂಡಿರುವುದರಿಂದ ‘ಸರಾಸರಿ ಏರು ಇಷ್ಟು’ ಎಂಬ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. ರೂಢಿಯಿದ್ದವರಿಗೂ ಹೋಗಿಬರಲು 7ರಿಂದ 9 ಗಂಟೆ ಬೇಕು. ಕುಮಾರ ಪರ್ವತದ ಗಿರಿಗದ್ದೆಯಲ್ಲಿ ಸಿಗುವಂಥ ನಡುದಾರಿಯ ಊಟವೂ ಇಲ್ಲ.

ರಾಸ್–ಸ್ಮಿತ್‌ಗೆ ದೋಣಿ ಹೊರಡುವುದು ಏರಿಯಲ್ ಬೇ ಜೆಟ್ಟಿಯಿಂದ. ಅದಕ್ಕೆ ಪರವಾನಗಿ ಬೇರೆ, ಸಾಲು ಬೇರೆ. ಬೆಟ್ಟದ ಮರುದಿನ ಕಾಲು ನೋಯುತ್ತಿರುವಾಗ ಹೋಗಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಬಿಡಿ.

ಬೆಳಿಗ್ಗೆ ಆರಕ್ಕೇ ಹೊರಡಬೇಕು ಎನ್ನುತ್ತಾರೆ. ತಿಂಡಿ ತಿಂದು ಎಂಟಕ್ಕೆ ಹೊರಟರೆ ಏನು ನಷ್ಟ?
– ಓದುಗರು, ಮೈಸೂರು

ಈ ಬೆಟ್ಟದಲ್ಲಿ ಜನ ಸೋಲುವುದು ಏರಿಗಲ್ಲ, ಗಡಿಯಾರಕ್ಕೆ.

ಡಿಗ್ಲಿಪುರ ಮತ್ತು ಬೆಂಗಳೂರು ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ, ಎರಡೂ 13 ಡಿಗ್ರಿಯ ಆಸುಪಾಸು. ಆದ್ದರಿಂದ ಹಗಲಿನ ಉದ್ದ ಎರಡೂ ಕಡೆ ಒಂದೇ. ಆದರೆ ರೇಖಾಂಶದಲ್ಲಿ ಬೆಂಗಳೂರು 77.6 ಡಿಗ್ರಿ, ಡಿಗ್ಲಿಪುರ 93. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು, ಅಂದರೆ ಅಲ್ಲಿನ ಸೂರ್ಯ ನಮ್ಮವನಿಗಿಂತ ಒಂದು ಗಂಟೆ ಮುಂದೆ. ಕೈಗಡಿಯಾರ ಮಾತ್ರ ಅದೇ ಭಾರತೀಯ ಸಮಯ. ಫೆಬ್ರವರಿ ನಡುವಿನಲ್ಲಿ ಬೆಂಗಳೂರಿನಲ್ಲಿ ಸುಮಾರು 6.25ಕ್ಕೆ ಮುಳುಗುವ ಸೂರ್ಯ ಅಲ್ಲಿ 5.25ಕ್ಕೇ ಮುಳುಗುತ್ತಾನೆ. ಇದರ ಮೇಲೆ ಇನ್ನೊಂದು ಪೇಚು: ದಾರಿ ಇರುವುದು ಬೆಟ್ಟದ ಪೂರ್ವ ಮಗ್ಗುಲಿನಲ್ಲಿ. ಮಧ್ಯಾಹ್ನ ಕಳೆಯುತ್ತಿದ್ದಂತೆ ಸೂರ್ಯ ಶಿಖರದ ಹಿಂದೆ ಸರಿಯುತ್ತಾನೆ, ದಟ್ಟ ನಿತ್ಯಹರಿದ್ವರ್ಣ ಕಾಡಿನೊಳಗೆ ನಾಲ್ಕೂವರೆಗೇ ಮುಸ್ಸಂಜೆಯಾಗುತ್ತದೆ. ಬೇರು ಯಾವುದು, ಕಲ್ಲು ಯಾವುದು ತಿಳಿಯದ ಆ ಬೆಳಕಿನಲ್ಲೇ ಕಾಲು ಉಳುಕುವುದು.

ಎಂಟಕ್ಕೆ ಹೊರಟವರು ಒಂದು ಗಂಟೆಗೆ ತುದಿ ಮುಟ್ಟಿ, ಅರ್ಧ ಗಂಟೆ ಕೂತು, ದಣಿದ ಕಾಲಲ್ಲಿ ಇಳಿಯುವಷ್ಟರಲ್ಲಿ ಐದಾಗುತ್ತದೆ. ಆರಕ್ಕೆ ಹೊರಡಿ. ಎಲ್ಲೇ ಇದ್ದರೂ 11.30ಕ್ಕೆ ಹಿಂದಿರುಗಿ. ತುದಿ ‘ಇನ್ನು ಹತ್ತೇ ನಿಮಿಷ’ ಎಂದು ಯಾರಾದರೂ ಹೇಳಿದರೂ ಹಿಂದಿರುಗಿ. ಅಷ್ಟು ಬೇಗ ತಿಂಡಿ ಸಿಗದು, ಹಿಂದಿನ ರಾತ್ರಿಯೇ ಕಟ್ಟಿಸಿಕೊಳ್ಳಬೇಕು. ಕಾಲಿಪುರದಲ್ಲಿ ಉಳಿದುಕೊಂಡರೆ ಲಾಮಿಯಾ ಬೇ ಹತ್ತಿರ. ಡಿಗ್ಲಿಪುರ ಪೇಟೆಯಲ್ಲಿ ಉಳಿದರೆ ಸುಮಾರು 20 ಕಿ.ಮೀ. ದಾರಿಯನ್ನು ನಸುಕಿನಲ್ಲೇ ಮುಗಿಸಬೇಕಾಗುತ್ತದೆ, ಆಟೋವನ್ನು ಹಿಂದಿನ ದಿನವೇ ಗೊತ್ತು ಮಾಡಿಡಿ. ತಲೆಗೆ ಕಟ್ಟುವ ಟಾರ್ಚ್ ಒಬ್ಬೊಬ್ಬರಿಗೂ ಒಂದಿರಲಿ, ಮೊಬೈಲಿನ ಬೆಳಕನ್ನು ನಂಬಿದರೆ ಒಂದು ಕೈ ಹೋಯಿತು.

ನೀರು ಎಷ್ಟು ಒಯ್ಯಬೇಕು? ದಾರಿಯಲ್ಲಿ ಹಳ್ಳಗಳಿವೆಯಂತೆ, ಅವನ್ನೇ ಕುಡಿಯಬಹುದೇ?
– ಓದುಗರು, ಹಾವೇರಿ

ತಲೆಗೆ 4 ಲೀಟರ್. ಭಾರವಾಗುತ್ತದೆ ಎಂದು 2 ಲೀಟರಿಗೆ ಇಳಿಸಿದವರೇ ಅರ್ಧದಲ್ಲಿ ಕೂರುವುದು.

ಹಾವೇರಿಯ ಒಣ ಬಿಸಿಲಿನಲ್ಲಿ ಬೆವರು ಹುಟ್ಟಿದಲ್ಲೇ ಆರುತ್ತದೆ, ಆರುವಾಗ ಮೈಯ ಬಿಸಿಯನ್ನೂ ಒಯ್ಯುತ್ತದೆ. ದ್ವೀಪದ ಗಾಳಿ ಆಗಲೇ ನೀರು ಕುಡಿದು ತುಂಬಿದೆ, ಅಲ್ಲಿ ಬೆವರು ಆರದೆ ಸುಮ್ಮನೆ ಸುರಿಯುತ್ತದೆ. ಮೈ ತಣಿಯದು, ಮೈಯ ಬಿಸಿ ಇಳಿಸಲು ದೇಹ ಇನ್ನೂ ಬೆವರುತ್ತದೆ. ಏರಿನಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ಹೋಗಬಹುದು. ಜೊತೆಗೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಹೊಟ್ಟೆತುಂಬ ಕುಡಿದವರಿಗೆ ತೊಡೆ, ಮೀನಖಂಡ ಸೆಟೆದುಕೊಳ್ಳುವುದು, ತಲೆನೋವು, ವಾಕರಿಕೆ ಶುರುವಾಗುವುದು ಇದರಿಂದಲೇ.

ನಾಲ್ಕರಲ್ಲಿ ಎರಡು ಲೀಟರ್ ಸಾದಾ ನೀರು, ಎರಡು ಲೀಟರಿಗೆ ಓಆರ್‌ಎಸ್. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಿ. ಅರ್ಧ ಲೀಟರಿನ ಬಾಟಲಿಗೆ ಇಡೀ ಪೊಟ್ಟಣ ಸುರಿಯುವುದು ಎಲ್ಲರೂ ಮಾಡುವ ತಪ್ಪು, ದ್ರಾವಣ ಗಟ್ಟಿಯಾದರೆ ಅದು ಕರುಳಿನತ್ತ ನೀರನ್ನು ಸೆಳೆದು ಬಾಯಾರಿಕೆ ಹೆಚ್ಚಿಸುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ರುಚಿಗೆ ನಿಂಬೆ. ಬಾಯಾರಿದಾಗ ಗಟಗಟ ಕುಡಿಯುವ ಬದಲು 15–20 ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಸಾಕು. ನಾಲ್ಕರಲ್ಲಿ ಒಂದು ಬಾಟಲಿಯನ್ನು ಏರು ಶುರುವಾಗುವಲ್ಲಿ ಕೊಂಬೆಗೆ ಕಟ್ಟಿಟ್ಟು ಹೋದರೆ ಒಂದು ಕಿಲೋ ಹೊರೆ ತಪ್ಪುತ್ತದೆ. ಅಂಡಮಾನಿನ ಕಾಡಿನಲ್ಲಿ ಕೋತಿಗಳಿಲ್ಲ, ಚಾಮುಂಡಿ ಬೆಟ್ಟದ ಭಯ ಬೇಡ. ಇಳಿಯುವಾಗ ಬಾಟಲಿ ಮರೆಯಬೇಡಿ, ಅದು ರಾಷ್ಟ್ರೀಯ ಉದ್ಯಾನ.

ಹಳ್ಳದ ನೀರು ಬೇಡ. ಫೆಬ್ರವರಿ ದಾಟಿದರೆ ಅವು ಸೊರಗುತ್ತವೆ ಎಂಬುದು ಒಂದು ಕಾರಣ. ಎರಡನೆಯದು ದೊಡ್ಡದು: ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಅಂಡಮಾನಿನಲ್ಲಿ ಹಳೆಯ ಕಾಯಿಲೆ, ಡಿಗ್ಲಿಪುರದ ಕಡೆ ಅದರ ಹಾವಳಿ ಕಂಡದ್ದಿದೆ. ಇಲಿ, ಹಂದಿ, ದನಗಳ ಮೂತ್ರ ಬೆರೆತ ನೀರು ಕುಡಿದರೆ ಮಾತ್ರವಲ್ಲ, ಕಾಲಿನ ಗಾಯಕ್ಕೆ ತಗುಲಿದರೂ ಬರುತ್ತದೆ. ಗಾಯವಿದ್ದರೆ ಮೊದಲೇ ಅಂಟುಪಟ್ಟಿ ಹಾಕಿ. ಊರಿಗೆ ಮರಳಿದ ಎರಡು–ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಅಂಡಮಾನಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ಹೇಳದಿದ್ದರೆ ಅವರು ಡೆಂಗಿಯನ್ನಷ್ಟೇ ಹುಡುಕಬಹುದು.

ಊಟಕ್ಕೆ ಮೊಸರನ್ನ ಒಯ್ಯಬೇಡಿ, ಹತ್ತು ಗಂಟೆಗೇ ಹುಳಿಯಾಗಿರುತ್ತದೆ. ಪುಳಿಯೋಗರೆ, ಚಪಾತಿ–ಚಟ್ನಿಪುಡಿ, ಕಡಲೆ ಚಿಕ್ಕಿ ತಡೆಯುತ್ತವೆ.

ಹಾವು, ಮೊಸಳೆ, ಕಾಡುಪ್ರಾಣಿಗಳ ಭಯವಿದೆಯೇ?
– ಓದುಗರು, ತುಮಕೂರು

ಹುಲಿ, ಚಿರತೆ, ಕರಡಿ ಯಾವುದೂ ಅಂಡಮಾನಿನಲ್ಲಿ ಇಲ್ಲ. ಕಾಡುಹಂದಿ ಇದೆ, ಸದ್ದು ಕೇಳಿ ಓಡುತ್ತದೆ. ಹಾವುಗಳಿವೆ, ಕಾಳಿಂಗವೂ ಇದೆ. ಅಡ್ಡ ಬಿದ್ದ ಮರವನ್ನು ಹಾರಿ ದಾಟದೆ ಅದರ ಮೇಲೆ ಹತ್ತಿ, ಆಚೆ ಬದಿ ನೋಡಿ ಕಾಲಿಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಅಂಗ ಅಲುಗದಂತೆ ಕೋಲು ಕಟ್ಟಿ, ನಡೆಸದೆ ಹೊತ್ತು ತಂದು ಡಿಗ್ಲಿಪುರದ ಆಸ್ಪತ್ರೆಗೆ ಸೇರಿಸಿ.

ಮೊಸಳೆಯನ್ನು ಗಂಭೀರವಾಗಿ ತೆಗೆದುಕೊಳ್ಳಿ. ಇಲ್ಲಿನದು ಉಪ್ಪುನೀರಿನ ಮೊಸಳೆ, ಅಳಿವೆಯಲ್ಲೂ ಇರುತ್ತದೆ, ಕಡಲಿಗೂ ಇಳಿಯುತ್ತದೆ. ಬೆವರಿ ಇಳಿದವರಿಗೆ ಲಾಮಿಯಾ ಬೇಯ ನೀರು ಕರೆಯುತ್ತದೆ, ಮುಳುಗು ಹಾಕಬೇಡಿ. ಹಳ್ಳ ಕಡಲು ಸೇರುವಲ್ಲಿ ಮಂಡಿಯುದ್ದ ನೀರಿದ್ದರೆ ಮಾರ್ಗದರ್ಶಿ ಹೇಳಿದ ಕಡೆಯೇ ದಾಟಿ.

ನಿಜಕ್ಕೂ ಎಲ್ಲರನ್ನೂ ಕಾಡುವುದು ಕಣ್ಣಿಗೆ ಕಾಣದಷ್ಟು ಚಿಕ್ಕ ಮರಳುನೊಣ. ಕಚ್ಚಿದಾಗ ಗೊತ್ತಾಗದು, ಮರುದಿನ ತುರಿಕೆ ಶುರುವಾಗಿ ವಾರ ಬಿಡದು. ಬೆಳಗು, ಸಂಜೆ ದಂಡೆಯ ಮರಳಿನ ಮೇಲೆ ಕೂರಬೇಡಿ, ಬೂಟನ್ನು ನಿಂತೇ ಕಟ್ಟಿಕೊಳ್ಳಿ. ಉದ್ದ ಪ್ಯಾಂಟು, ಮೇಲಕ್ಕೆಳೆದ ಕಾಲುಚೀಲ, ತೆರೆದ ಮೈಗೆ ಡೀಟ್ ಎಂಬ ಕೀಟನಿವಾರಕ ಇರುವ ಮುಲಾಮು. ಅದಿಲ್ಲದಿದ್ದರೆ ದಪ್ಪಗೆ ಕೊಬ್ಬರಿ ಎಣ್ಣೆ ಬಳಿದರೂ ನೊಣ ಚರ್ಮ ತಲುಪುವ ಮೊದಲೇ ಅಂಟಿಕೊಳ್ಳುತ್ತದೆ, ಆದರೆ ಬೆವರಿಗೆ ಅದು ಬೇಗ ಇಳಿದುಹೋಗುತ್ತದೆ. ಕೆರೆದು ಗಾಯ ಮಾಡಿಕೊಂಡರೆ ಆ ಹವೆಯಲ್ಲಿ ಕೀವಾಗುತ್ತದೆ.

ವಾಟರ್‌ಪ್ರೂಫ್ ಬೂಟು ಕೊಳ್ಳಲೇ?
– ಓದುಗರು, ಧಾರವಾಡ

ಬೇಡ. ನೀರು ಒಳಗೆ ಬರದಂತೆ ತಡೆಯುವ ಪದರ ಬೆವರನ್ನು ಹೊರಗೂ ಬಿಡದು, ಎರಡನೇ ಗಂಟೆಗೆ ಒಳಗೇ ಕೊಳ. ನೆನೆದ ಚರ್ಮ ಬೇಗ ಬೊಬ್ಬೆ ಏಳುತ್ತದೆ. ಅಡಿಯಲ್ಲಿ ಆಳವಾದ ಹಲ್ಲುಗಳಿರುವ, ಜಾಲರಿ ಮೈಯ ಹಗುರ ಬೂಟು ಸಾಕು. ಏರು ಶುರುವಾಗುವಲ್ಲಿ ಕಾಲುಚೀಲ ಬದಲಿಸಿ. ತೆಳು ಕೈಗವಸು ಇದ್ದರೆ ಒಳ್ಳೆಯದು: ಜಾರುವಾಗ ಕೈ ತಾನಾಗಿ ಬಳ್ಳಿ ಹಿಡಿಯುತ್ತದೆ, ಅದು ಬೆತ್ತವಾಗಿದ್ದರೆ ಮುಳ್ಳು ಅಂಗೈಯಲ್ಲೇ ಉಳಿಯುತ್ತದೆ. ಮಲೆನಾಡಿನವರಿಗೆ ಇದನ್ನು ಹೇಳಬೇಕಿಲ್ಲ.

ಯಾವ ತಿಂಗಳು ಸರಿ? ಪರವಾನಗಿ, ಮಾರ್ಗದರ್ಶಿ ಬೇಕೇ?
– ಓದುಗರು, ದುಬೈ

ಜನವರಿಯಿಂದ ಏಪ್ರಿಲ್ ಮೊದಲ ಭಾಗದವರೆಗೆ. ಮೇಯಿಂದ ನೈಋತ್ಯ ಮಳೆ, ಅದು ಮುಗಿಯಿತು ಎನ್ನುವಷ್ಟರಲ್ಲಿ ಈಶಾನ್ಯ ಮಾರುತ ಡಿಸೆಂಬರ್ ತನಕ ಎಳೆಯುತ್ತದೆ. ಇದೇ ಒಣ ತಿಂಗಳುಗಳಲ್ಲಿ ಕಾಲಿಪುರದ ಬೂದು ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ರಾತ್ರಿ ಅಲ್ಲಿ ಟಾರ್ಚ್ ಬೆಳಗಿಸಿ ಅವುಗಳ ದಾರಿ ಕೆಡಿಸಬೇಡಿ.

ಲಾಮಿಯಾ ಬೇಯ ಅರಣ್ಯ ಇಲಾಖೆ ಠಾಣೆಯಲ್ಲಿ ಗುರುತಿನ ಚೀಟಿ ತೋರಿಸಿ, ಹೆಸರು ಬರೆಸಿ, ಶುಲ್ಕ ಕಟ್ಟಬೇಕು. ಇಳಿದ ಮೇಲೆ ಅಲ್ಲಿಗೇ ಬಂದು ಹೇಳಿ ಹೋಗಿ, ಇಲ್ಲವಾದರೆ ಕತ್ತಲಲ್ಲಿ ನಿಮ್ಮನ್ನು ಹುಡುಕಲು ಜನ ಹೊರಡುತ್ತಾರೆ. ಮಾರ್ಗದರ್ಶಿಯನ್ನು ಕರೆದೊಯ್ಯಿರಿ. ತರಗೆಲೆ ಬಿದ್ದು ಕಾಲುದಾರಿ ಮುಚ್ಚುತ್ತದೆ, ಕಡಲಂಚು ಬಿಟ್ಟು ಒಳಗೆ ತಿರುಗುವ ಜಾಗ ಹೊಸಬರಿಗೆ ಸುಲಭವಾಗಿ ತಪ್ಪುತ್ತದೆ. ಉಬ್ಬರ ಎಷ್ಟು ಹೊತ್ತಿಗೆ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಅಮಾವಾಸ್ಯೆ–ಹುಣ್ಣಿಮೆಗೆ ಹೆಚ್ಚು ಮೇಲೇರಿ ದಂಡೆಯ ಕಲ್ಲುಗಳನ್ನು ಒದ್ದೆ ಮಾಡುತ್ತದೆ. ಪಾಚಿಗಲ್ಲಿನ ಮೇಲೆ ಮೊದಲ ಬೀಳುವಿಕೆ ಅಲ್ಲೇ.

ಈಗ ಶ್ರೀ ವಿಜಯಪುರಂ ಎಂದು ಹೆಸರಾಗಿರುವ ಪೋರ್ಟ್ ಬ್ಲೇರಿನಿಂದ ಡಿಗ್ಲಿಪುರಕ್ಕೆ ಸುಮಾರು 300 ಕಿ.ಮೀ., ಇಡೀ ಹಗಲಿನ ಬಸ್ ಪ್ರಯಾಣ. ಜಿರ್ಕಾಟಾಂಗ್‌ನಿಂದ ಮುಂದೆ ಜಾರವಾ ಬುಡಕಟ್ಟಿನವರ ಮೀಸಲು ಪ್ರದೇಶವನ್ನು ವಾಹನಗಳ ಸಾಲಿನಲ್ಲೇ ದಾಟಬೇಕು. ಅಲ್ಲಿ ಕ್ಯಾಮೆರಾ ಹೊರತೆಗೆಯುವುದು ಅಪರಾಧ. ಉತ್ತರ ಅಂಡಮಾನಿಗೆ ದಾಟಿಸುವ ಸೇತುವೆಯ ಹೆಸರು ಚೆಂಗಪ್ಪ ಸೇತುವೆ, ಕೊಡಗಿನವರು ಬಸ್ಸಿನಲ್ಲಿದ್ದರೆ ಫಲಕ ಓದಿ ಎದ್ದು ಕೂರುತ್ತಾರೆ.

ತುದಿಯಿಂದ ನಾರ್ಕೊಂಡಂ ಜ್ವಾಲಾಮುಖಿ ಕಾಣುತ್ತದೆಯೇ?
– ಓದುಗರು, ಸಾಗರ

ಗಣಿತದಲ್ಲಿ ಕಾಣಬೇಕು. ನಾರ್ಕೊಂಡಂ ಸುಮಾರು 140 ಕಿ.ಮೀ. ಪೂರ್ವಕ್ಕಿದೆ, ಅದರ ಎತ್ತರವೂ 700 ಮೀಟರ್ ಮೇಲಿದೆ, ಎರಡು ಶಿಖರಗಳ ನಡುವೆ ಭೂಮಿಯ ಉಬ್ಬು ಅಡ್ಡ ಬರುವುದಿಲ್ಲ. ಆದರೆ ಕಡಲ ಮಬ್ಬು ಬರುತ್ತದೆ, ತುದಿಯಲ್ಲಿ ಗಿಡಗಂಟಿಯೂ ಮೋಡವೂ ಸೇರಿ ಕಣ್ಣು ಕಟ್ಟುತ್ತವೆ. ಮುಳ್ಳಯ್ಯನಗಿರಿಯಂಥ ಬೋಳು ನೆತ್ತಿಯ ನೋಟ ಬೇಕೆನ್ನುವವರಿಗೆ ಈ ಬೆಟ್ಟ ಅಲ್ಲ. ಇಲ್ಲಿ ನೋಡಬೇಕಾದದ್ದು ಕಾಡು: ಅಂಡಮಾನಿನಲ್ಲಿ ಮಾತ್ರ ಇರುವ ಕಪ್ಪು ಮರಕುಟಿಗ, ಅಂಡಮಾನ್ ಕಾಜಾಣ, ಗೋಡೆಯಂತೆ ಹರಡಿದ ಆನಿಕೆ ಬೇರುಗಳ ಗುರ್ಜನ್ ಮರ. ಈ ಬೆಟ್ಟದಲ್ಲೇ ಹುಟ್ಟುವ ಕಲ್ಪಾಂಗ್ ಹೊಳೆಗೆ ಕಟ್ಟಿದ 5.25 ಮೆಗಾವಾಟ್ ಜಲವಿದ್ಯುತ್ ಘಟಕ ಡಿಗ್ಲಿಪುರದ ಕಡೆಯ ಊರುಗಳಿಗೆ ಬೆಳಕು ಕೊಡುತ್ತಿದೆ.

ಜೊತೆಗೆ 64 ವರ್ಷದ ಅಮ್ಮ, 9 ವರ್ಷದ ಮಗ. ಅಮ್ಮನಿಗೆ ಬಿಪಿ ಮಾತ್ರೆ ಇದೆ. ಎಲ್ಲರೂ ಸೇರಿ ಹತ್ತಬಹುದೇ?
– ಓದುಗರು, ದಾವಣಗೆರೆ

ಸ್ಯಾಡಲ್ ಪೀಕ್ ಬೇಡ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸಿ ಕೆಲಸ ಮಾಡುತ್ತವೆ, ಅವುಗಳ ಮೇಲೆ ಆ ಬೆವರೂ ಸೇರಿದರೆ ತಲೆಸುತ್ತು ಬಂದು ಬೀಳುವ ಅಪಾಯ. ಮಾತ್ರೆಯನ್ನು ನೀವೇ ನಿಲ್ಲಿಸಲೂಬೇಡಿ, ಹೊರಡುವ ಮೊದಲು ವೈದ್ಯರನ್ನು ಕೇಳಿ. ಎಲ್ಲರೂ ಕಾಲಿಪುರಕ್ಕೆ ಬಂದೇ ಬರುವುದಾದರೆ ಲಾಮಿಯಾ ಬೇಯಿಂದ ಕಡಲಂಚಿನ ಮಟ್ಟಸ ದಾರಿಯಲ್ಲಿ ಒಂದು ಗಂಟೆ ನಡೆದು ಹಿಂದಿರುಗಿ.

ಅಷ್ಟು ದೂರ ಬೇಡವೆಂದರೆ ಪೋರ್ಟ್ ಬ್ಲೇರಿನ ಎದುರು ದಂಡೆಯಲ್ಲೇ ಇನ್ನೊಂದು ಬೆಟ್ಟವಿದೆ. ಮೌಂಟ್ ಹ್ಯಾರಿಯಟ್ ಎಂದಿದ್ದ ಹೆಸರನ್ನು 2021ರಲ್ಲಿ ಮೌಂಟ್ ಮಣಿಪುರ ಎಂದು ಬದಲಿಸಿದರು. ಎತ್ತರ 400 ಮೀಟರಿಗೂ ಕಮ್ಮಿ, ಮೇಲಿನವರೆಗೆ ರಸ್ತೆ. ಚಾಥಮ್‌ನಿಂದ ಬ್ಯಾಂಬೂ ಫ್ಲಾಟ್‌ಗೆ ವಾಹನ ಸಾಗಿಸುವ ಫೆರ್ರಿ ಹಿಡಿದು ಹೋಗಿ. ಅಮ್ಮ ಮೇಲೆ ನೆರಳಲ್ಲಿ ಕೂರಲಿ, ನೀವು ಮಗನನ್ನು ಕರೆದುಕೊಂಡು ಕಾಡಿನ ಕಾಲುದಾರಿಯಲ್ಲಿ ಕಾಲಾಪತ್ಥರ್ ಎಂಬ ಜಾಗದ ತನಕ ಹೋಗಿಬನ್ನಿ. ಹಳೆಯ ಕೆಂಪು ಬಣ್ಣದ 20 ರೂಪಾಯಿ ನೋಟು ಮನೆಯಲ್ಲಿದ್ದರೆ ಜೇಬಿಗೆ ಹಾಕಿಕೊಳ್ಳಿ. ಅದರ ಹಿಂಬದಿಯ ತೆಂಗು, ಕಡಲು, ದೀಪಸ್ತಂಭದ ಚಿತ್ರ ಈ ಬೆಟ್ಟದ ದಾರಿಯಿಂದ ಕಾಣುವ ನಾರ್ತ್ ಬೇ. ನೋಟನ್ನು ಎದುರಿಗೆ ಹಿಡಿದು ಆ ಜಾಗ ಯಾವುದೆಂದು ಹುಡುಕುವ ಕೆಲಸವನ್ನು ಮಗನಿಗೆ ಬಿಡಿ.