ಗೋಧಿ ಹುಲ್ಲನ್ನು ಟೊರಿಫೈ ಮಾಡೋಕೆ, ಅಂದರೆ ಆಮ್ಲಜನಕ ಇಲ್ಲದೆ ಹುರಿದು ಇಂಧನ ಮಾಡೋಕೆ, 250 ಡಿಗ್ರಿ ಸಾಕಾ, 290ರವರೆಗೆ ಹೋಗಬೇಕಾ? ಬಾಯ್ಲರ್‌ಗೆ ಚೊಕ್ಕವಾಗಿ ಉರಿಯುವ ಇಂಧನ ಬೇಕು.

ಇದೇ ಹುಲ್ಲು, ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ತಲೆ ಕೆಡಿಸಿಕೊಂಡವನು. ರಿಯಾಕ್ಟರ್‌ನಿಂದ ಹೊರಬಂದ ಹುಲ್ಲು ಕಂದು ಬಣ್ಣಕ್ಕೆ ತಿರುಗಿತ್ತು, ಬೆರಳಲ್ಲಿ ಹಿಸುಕಿದರೆ ಪುಡಿಪುಡಿ. ನೀರಲ್ಲಿ ಹಾಕಿದರೂ ಮೊದಲಿನಂತೆ ಹೀರಿಕೊಳ್ಳಲಿಲ್ಲ. ಕಪ್ಪಾದಷ್ಟೂ ಚೊಕ್ಕ ಅಂದುಕೊಂಡು ಬಿಸಿ ಏರಿಸುತ್ತಲೇ ಹೋದೆ.

ಬಾಯ್ಲರ್‌ಗೆ ಹಾಕಿದಾಗ ಹೊಗೆ ನಿಜಕ್ಕೂ ಕಮ್ಮಿಯಾಯಿತು. ಆದರೆ ಬೂದಿ ಕರಗಿ, ಜಾಲರಿಯ ಮೇಲೆ ಗಾಜಿನಂತೆ ಗಟ್ಟಿಯಾಗಿ ಕೂತಿತು. ಗಾಳಿ ಬರುವ ಸಂದುಗಳೆಲ್ಲ ಬಂದ್. ಸಲಾಕೆ ಹಾಕಿ ಕುಟ್ಟಿದರೆ ಅದು ಬಿಡಲಿಲ್ಲ, ಜಾಲರಿಯೇ ಮುರಿಯಿತು.

ಎಡವಿದ್ದೆಲ್ಲಿ ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ. 100 ಕೆಜಿ ಒಣ ಹುಲ್ಲಲ್ಲಿ 6 ಕೆಜಿ ಬೂದಿ ಇದೆ ಅನ್ನಿ. ಆಮ್ಲಜನಕ ಇಲ್ಲದ ಕಡೆ 200ರಿಂದ 300 ಡಿಗ್ರಿಗೆ ಕಾಯಿಸಿದಾಗ ಮೊದಲು ಒಡೆಯುವುದು ಹುಲ್ಲಿನ ನಾರಲ್ಲಿರುವ ಹೆಮಿಸೆಲ್ಯುಲೋಸ್ ಅನ್ನೋ ಅಂಶ. ಅದು ನೀರಾವಿ, ಕಾರ್ಬನ್ ಡೈಆಕ್ಸೈಡ್, ಅಸಿಟಿಕ್ ಆಸಿಡ್ ಆಗಿ ಹೊರಟುಹೋಗುತ್ತದೆ. ಸುಮಾರು 70 ಕೆಜಿ ಉಳಿಯುತ್ತದೆ, ಶಕ್ತಿ ಮಾತ್ರ 90 ಶೇಕಡಾದಷ್ಟು ಉಳಿಯುತ್ತದೆ. ಇಷ್ಟು ಓದಿ ನಾನು ಖುಷಿಪಟ್ಟಿದ್ದೆ. ಆ 6 ಕೆಜಿ ಬೂದಿ ಎಲ್ಲಿಗೆ ಹೋಗಬೇಕು? ಅಲ್ಲೇ ಇರುತ್ತದೆ. 70ರಲ್ಲಿ 6 ಅಂದರೆ ಶೇಕಡಾ 8.6! ತೂಕ ಬಿಡಿ, ಅಷ್ಟೇ ಶಕ್ತಿ ಪಡೆಯೋಕೂ ಮೊದಲು 6 ಕೆಜಿ ಬೂದಿ ಬರುತ್ತಿದ್ದ ಕಡೆ ಈಗ 6.7 ಕೆಜಿ. ಕ್ಲೋರಿನ್ ಒಂದಿಷ್ಟು ಹಾರಿಹೋಗುತ್ತದೆ, ಪೊಟ್ಯಾಸಿಯಂ ಈ ಬಿಸಿಗೆಲ್ಲ ಜಗ್ಗಲ್ಲ. ಅದು ಹುಲ್ಲಿನ ಸಿಲಿಕಾ ಜೊತೆ ಸೇರಿದರೆ ಬೂದಿ ಬೇಗ ಕರಗುತ್ತದೆ. ಬಿಸಿ ಏರಿಸಿದಷ್ಟೂ ಇಂಧನದಲ್ಲಿ ಆ ಬೂದಿಯ ಪಾಲನ್ನು ನಾನೇ ಜಾಸ್ತಿ ಮಾಡುತ್ತಿದ್ದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ, ಬೇಜಾರು ಮಾಡ್ಕೋಬೇಡಿ. ಮೊದಲು ಹುಲ್ಲನ್ನು ತೊಳೆಯಿರಿ. ಆಸಿಡ್ ಗೀಸಿಡ್ ಬೇಡ, ಬರೀ ನೀರು ಸಾಕು. ಪೊಟ್ಯಾಸಿಯಂ, ಕ್ಲೋರಿನ್ ಎರಡರಲ್ಲೂ ಹೆಚ್ಚಿನ ಪಾಲು ನೀರಲ್ಲೇ ಕರಗುತ್ತದೆ. ಹೊಲದಲ್ಲಿ ಮಳೆಗೆ ನೆನೆದು ಬೂದುಬಣ್ಣಕ್ಕೆ ತಿರುಗಿದ ಹುಲ್ಲು, ದನಕ್ಕೆ ಬೇಡವಾದರೂ, ಬಾಯ್ಲರ್‌ಗೆ ಮೇಲು ಅನ್ನೋದು ಇದಕ್ಕೇ. ತೊಳೆದದ್ದನ್ನು ಹಿಂಡಿ, ತೇವ 10 ಶೇಕಡಾಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಿ.

ಆಮೇಲೆ 250ರ ಆಸುಪಾಸು ಸಾಕು. 280 ದಾಟಿದರೆ ಹುಲ್ಲು ತಾನೇ ಬಿಸಿ ಬಿಡೋಕೆ ಶುರುಮಾಡುತ್ತದೆ, ಹಿಡಿತ ತಪ್ಪುತ್ತದೆ. ಹುಲ್ಲನ್ನು ಒತ್ತಿ ಪೆಲೆಟ್ (ಇಂಧನದ ಗುಳಿಗೆ) ಮಾಡಿದರೆ ಅದೂ ಸರಿಯಾಗಿ ಅಂಟಲ್ಲ. ಅಂದಹಾಗೆ, ಬರುವ ಗ್ಯಾಸನ್ನು ಸುಮ್ನೆ ಹೊರಗೆ ಬಿಡಬೇಡಿ. ಅದನ್ನೇ ಉರಿಸಿ ರಿಯಾಕ್ಟರ್ ಕಾಯಿಸಬಹುದು.

ತೊಳೆದು ಒಣಗಿಸುವಷ್ಟು ಖರ್ಚು ಕೈಗೆಟುಕಲ್ಲ ಅನ್ನೋದಾದರೆ ಹುಲ್ಲಿನ ಸಹವಾಸವೇ ಬೇಡ. ತೊಗಟೆ ತೆಗೆದ ಮರದ ಚೂರು ತಗೊಳ್ಳಿ, ಅದರಲ್ಲಿ ಬೂದಿ ಸಾಮಾನ್ಯವಾಗಿ 1 ಶೇಕಡಾವೂ ಇರಲ್ಲ.