ಸಂಪಾದಕರ ಉತ್ತರ: ಹೂವಿನಂಗಡಿಯ ಹಿಂದಿನ ನೆಲ

ಮಾನ್ಯರೇ,

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ಊರಿನಿಂದ ನೀವು ಬರೆದ ಪತ್ರ ತಲುಪಿದೆ. ವರಮಹಾಲಕ್ಷ್ಮಿ ಹಬ್ಬಕ್ಕೆಂದು ಪ್ರತಿ ವರ್ಷ ನೀವು ಸೇವಂತಿಗೆ ತರುವ ಅಂಗಡಿ ಜಪಾನಿ ಮೂಲದ ಕುಟುಂಬವೊಂದರದೆಂದೂ, ಈಗ ಅದನ್ನು ನಡೆಸುತ್ತಿರುವವರು ಮೂರನೆಯ ತಲೆಮಾರಿನವರೆಂದೂ ತಿಳಿಸಿದ್ದೀರಿ. "ಗಿಡ, ಹೂವು ಎಂದರೆ ಅವರಿಗೆ ರಕ್ತದಲ್ಲೇ ಬಂದದ್ದು. ನಾಡು ಬಿಟ್ಟು ಬಂದರೂ ಅವರು ಪರಂಪರೆಯನ್ನು ಬಿಡಲಿಲ್ಲ. ನಮ್ಮ ಮಕ್ಕಳಿಗೋ ಕನಕಾಂಬರದ ಹೆಸರೂ ತಿಳಿಯದು. ನಾವೇಕೆ ಹೀಗಾದೆವು?" ಎಂದು ಕೇಳಿದ್ದೀರಿ.

ಆ ಕುಟುಂಬದ ಮೇಲೆ ನಿಮಗಿರುವ ಗೌರವ ನನ್ನದೂ ಹೌದು. ಆದರೆ ರಕ್ತದ ಮಾತನ್ನು ಒಪ್ಪಲಾರೆ, ಏಕೆಂದರೆ ಆ ಒಂದು ಪದ ಅವರು ಪಟ್ಟ ಶ್ರಮವನ್ನೂ ಅವರಿಗಾದ ಅನ್ಯಾಯವನ್ನೂ ಒಟ್ಟಿಗೆ ಮರೆಮಾಚಿಬಿಡುತ್ತದೆ.

ಜಪಾನಿನ ವಕಯಾಮ ಪ್ರಾಂತದಿಂದ ಬಂದ ಡೊಮೊಟೊ ಸಹೋದರರು ಓಕ್‌ಲೆಂಡ್‌ನಲ್ಲಿ ನರ್ಸರಿ ಆರಂಭಿಸಿದ್ದು 1885ರಲ್ಲಿ. ಜಪಾನಿನಿಂದ ಬಂದಿಳಿದ ಎಷ್ಟೋ ತರುಣರು ಅಲ್ಲಿ ಕೂಲಿಗೆ ಸೇರಿ, ಗಿಡ ಬೆಳೆಸುವ ಮತ್ತು ಮಾರುವ ಕೆಲಸವನ್ನು ಕಲಿತು, ಮುಂದೆ ತಮ್ಮದೇ ನರ್ಸರಿ ಹೂಡಿದ್ದರಿಂದ ಆ ಜಾಗಕ್ಕೆ 'ಡೊಮೊಟೊ ಕಾಲೇಜು' ಎಂಬ ಅಡ್ಡಹೆಸರೇ ಬಿದ್ದಿತು. ಅಂದರೆ ಎಷ್ಟೋ ಮಂದಿ ಹೂವಿನ ಕಸುಬನ್ನು ಕಲಿತದ್ದು ಹಡಗಿನಿಂದ ಇಳಿದ ಮೇಲೆ. ರೆಡ್‌ವುಡ್ ಸಿಟಿಯ ಸುತ್ತ ಅವರು ಬೆಳೆದು ಹೆಸರು ಮಾಡಿದ ಸೇವಂತಿಗೆಯನ್ನೇ ನೋಡಿ. ಈ ಗಿಡ ಮೊಗ್ಗು ಹಿಡಿಯಬೇಕಾದರೆ ರಾತ್ರಿ ದೀರ್ಘವಾಗಿರಬೇಕು. ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಹಗಲಿನ ಉದ್ದಕ್ಕೂ ಹೂ ಬಿಡುವುದಕ್ಕೂ ಇರುವ ಸಂಬಂಧವನ್ನು 1920ರಲ್ಲಿ ಪ್ರಕಟಿಸಿದ ತರುವಾಯದ ವರ್ಷಗಳಲ್ಲಿ, ಬೆಳೆಗಾರರು ಸಂಜೆಗೆ ಮೊದಲೇ ಪಾತಿಗಳ ಮೇಲೆ ಕಪ್ಪು ಬಟ್ಟೆ ಎಳೆದು, ಬೇಕಾದ ವಾರಕ್ಕೆ ಹೂ ಬರುವಂತೆ ಮಾಡತೊಡಗಿದರು. ನಮ್ಮ ಚಿಕ್ಕಬಳ್ಳಾಪುರದ ಕಡೆಯ ರೈತರು ರಾತ್ರಿ ಹೊತ್ತು ಸೇವಂತಿಗೆ ಹೊಲಗಳಲ್ಲಿ ಬಲ್ಬು ಉರಿಸಿ ಹೂವನ್ನು ಹಬ್ಬದವರೆಗೆ ತಡೆಯುವುದು ಇದೇ ತಿಳಿವಳಿಕೆಯ ಇನ್ನೊಂದು ಮಗ್ಗುಲು. ಕತ್ತಲೆ ಬೆಳಕಿನ ಲೆಕ್ಕವನ್ನು ದಿನವೂ ತಪ್ಪದೆ ಇಡಬೇಕಾದ ಈ ದುಡಿಮೆಯನ್ನು ಹುಟ್ಟುಗುಣವೆಂದು ಕರೆದರೆ ದುಡಿದವರಿಗೆ ಏನೂ ಉಳಿಯುವುದಿಲ್ಲ.

ಮಾರುಕಟ್ಟೆಯನ್ನೂ ಅವರೇ ಕಟ್ಟಿಕೊಳ್ಳಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಮಾರ್ಕೆಟ್ ರಸ್ತೆಯ ಲೊಟ್ಟಾ ಕಾರಂಜಿಯ ಬಳಿ ಬಯಲಿನಲ್ಲಿ ನಿಂತು ಹೂ ಮಾರುತ್ತಿದ್ದವರು ಒಂದುಗೂಡಿ, 1912ರಲ್ಲಿ ಕ್ಯಾಲಿಫೋರ್ನಿಯಾ ಫ್ಲವರ್ ಮಾರ್ಕೆಟ್ ಎಂಬ ತಮ್ಮ ಸಂಸ್ಥೆಯನ್ನು ನೋಂದಾಯಿಸಿದರು. ಇಟಲಿಯಿಂದ ಮತ್ತು ಚೀನಾದಿಂದ ಬಂದ ಬೆಳೆಗಾರರಿಗೂ ಅವರವರ ಸಂಘಗಳಿದ್ದವು.

ಮರುವರ್ಷ, 1913ರಲ್ಲಿ, ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು ಕೃಷಿಭೂಮಿಯ ಒಡೆತನ ಹೊಂದಕೂಡದೆಂದೂ, ಮೂರು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಗುತ್ತಿಗೆ ಪಡೆಯಕೂಡದೆಂದೂ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. 1920ರಲ್ಲಿ ಆ ಗುತ್ತಿಗೆಯ ದಾರಿಯೂ ಮುಚ್ಚಿತು. ಜಪಾನಿನಲ್ಲಿ ಹುಟ್ಟಿದವರಿಗೆ ಆಗ ಅಮೆರಿಕದ ಪೌರತ್ವ ಸಿಗುತ್ತಿರಲಿಲ್ಲವಾದ್ದರಿಂದ, ಜಪಾನಿನ ಹೆಸರನ್ನು ಎಲ್ಲಿಯೂ ಎತ್ತದಿದ್ದರೂ ಕಾನೂನಿನ ಗುರಿ ಯಾರೆಂಬುದು ಎಲ್ಲರಿಗೂ ತಿಳಿದಿತ್ತು. ಆಗ ಎಷ್ಟೋ ಕುಟುಂಬಗಳು ಅಮೆರಿಕದಲ್ಲೇ ಹುಟ್ಟಿ ಪೌರರಾಗಿದ್ದ ತಮ್ಮ ಎಳೆಯ ಮಕ್ಕಳ ಹೆಸರಿನಲ್ಲಿ ನೆಲ ಕೊಂಡವು. ಇದು ನಮಗೆ ಸಂಬಂಧವಿಲ್ಲದ ಕಥೆ ಎಂದು ನೀವು ತಿಳಿಯಬಾರದು. ಅಮೆರಿಕದ ಪೌರತ್ವ ಕೋರಿದ್ದ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1923ರಲ್ಲಿ ಭಾರತೀಯರನ್ನೂ ಪೌರತ್ವಕ್ಕೆ ಅನರ್ಹರೆಂದು ತೀರ್ಮಾನಿಸಿದ ಮೇಲೆ, ಅಲ್ಲಿನ ಪಂಜಾಬಿ ರೈತರೂ ಇದೇ ಕಾನೂನಿನ ಬಲೆಗೆ ಬಿದ್ದರು. ನೀವು ಇಂದು ಮನೆ ಕೊಂಡಿರುವ ನಾಡಿನಲ್ಲಿ ಆ ದಿನಗಳಲ್ಲಿ ನಿಮಗೂ ಸಾಗುವಳಿ ನೆಲ ದಕ್ಕುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಅಮೆರಿಕವೂ ಜಪಾನೂ ಕಾದಾಡಿದ ಎರಡನೆಯ ಮಹಾಯುದ್ಧದ ಕಾಲದಲ್ಲಿ. 1942ರ ಫೆಬ್ರವರಿ 19ರ ಅಧ್ಯಕ್ಷೀಯ ಆದೇಶದ ಫಲವಾಗಿ ಜಪಾನಿ ಮೂಲದ ಸುಮಾರು 1,20,000 ಜನರನ್ನು, ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪೌರರೇ ಆಗಿದ್ದರೂ, ಮನೆ ಬಿಡಿಸಿ ಶಿಬಿರಗಳಿಗೆ ಸಾಗಿಸಲಾಯಿತು. ಕೊಲ್ಲಿ ಪ್ರದೇಶದ ಸಾವಿರಾರು ಮಂದಿಯನ್ನು ಮೊದಲು ಟ್ಯಾನ್‌ಫೊರಾನ್ ರೇಸ್‌ಕೋರ್ಸಿನಲ್ಲಿ ಇರಿಸಿದರು. ಅನೇಕ ಕುಟುಂಬಗಳಿಗೆ ಸಿಕ್ಕಿದ್ದು ಕುದುರೆ ಲಾಯ. ಕೈಯಲ್ಲಿ ಹೊರಬಲ್ಲಷ್ಟನ್ನು ಮಾತ್ರ ಒಯ್ಯಬಹುದಾಗಿದ್ದಾಗ ಗಾಜಿನ ಮನೆಯನ್ನೂ ಬೇರೂರಿದ ಗುಲಾಬಿಯನ್ನೂ ಒಯ್ಯುವುದೆಲ್ಲಿಗೆ? ಮ್ಯಾನ್ಜನಾರ್ ಶಿಬಿರದಲ್ಲಿ ಕುಯಿಚಿರೊ ನಿಶಿ ಎಂಬ ಹೂ ಬೆಳೆಗಾರರು ಆ ಮರುಭೂಮಿಯಲ್ಲೇ ಗುಲಾಬಿ ತೋಟವೊಂದನ್ನು ಎಬ್ಬಿಸಿದರು. ಮುಳ್ಳುತಂತಿಯೊಳಗಿನ ಆ ತೋಟದ ವಿಷಯ ಓದಿದಾಗಲೆಲ್ಲ ನನ್ನ ಮನಸ್ಸು ಬಹಳ ಹೊತ್ತು ಅಲ್ಲಿಯೇ ನಿಲ್ಲುತ್ತದೆ.

ಯುದ್ಧ ಮುಗಿದು ಹಿಂದಿರುಗಿದಾಗ ಕೆಲವರಿಗೆ ನೆರೆಯವರು ಕಾಪಾಡಿಟ್ಟ ತೋಟ ಸಿಕ್ಕಿತು. ಬಹಳ ಮಂದಿ ಬರಿಗೈಯಲ್ಲಿ ಮತ್ತೆ ಆರಂಭಿಸಿದರು, ಪರರ ಮನೆಯಂಗಳದ ಹುಲ್ಲು ಕತ್ತರಿಸುವ ಮಾಲಿಗಳಾಗಿ ಸಂಸಾರ ಸಾಗಿಸಿದರು. ಜಪಾನಿನಲ್ಲಿ ಹುಟ್ಟಿದ ಹಿರಿಯರಿಗೆ ಪೌರತ್ವದ ಬಾಗಿಲು ತೆರೆದದ್ದು 1952ರಲ್ಲಿ. ಭೂ ಕಾನೂನನ್ನು ಮತದಾರರು ರದ್ದು ಮಾಡಿದ್ದು 1956ರಲ್ಲಿ. ಬದುಕುಳಿದವರಿಗೆ ಸರ್ಕಾರದ ಕ್ಷಮಾಪಣೆಯೂ ತಲಾ 20,000 ಡಾಲರ್ ಪರಿಹಾರವೂ ಮಂಜೂರಾದದ್ದು 1988ರಲ್ಲಿ.

ಹೂ ಬೆಳೆಯುವುದನ್ನು ಹೆಚ್ಚಿನ ಕುಟುಂಬಗಳು ಏಕೆ ಬಿಟ್ಟವೆಂಬುದಕ್ಕೆ ಕಾರಣಗಳು ತೀರ ಲೌಕಿಕವಾದವು. 1970ರ ದಶಕದಲ್ಲಿ ಇಂಧನದ ಬೆಲೆ ಏರಿ ಗಾಜಿನ ಮನೆಗಳನ್ನು ಬೆಚ್ಚಗಿಡುವುದು ದುಬಾರಿಯಾಯಿತು, ಕೊಲ್ಲಿಯ ಸುತ್ತಲಿನ ನೆಲಕ್ಕೆ ಚಿನ್ನದ ಬೆಲೆ ಬಂದಿತು, 1991ರ ವ್ಯಾಪಾರ ಕಾಯಿದೆಯ ನಂತರ ಕೊಲಂಬಿಯಾದ ಹೂವು ಸುಂಕವಿಲ್ಲದೆ ಒಳಬರತೊಡಗಿತು. ಮಕ್ಕಳು ಓದಿ ಬೇರೆ ವೃತ್ತಿ ಹಿಡಿದದ್ದೂ ಉಂಟು. ಅದನ್ನು ಪರಂಪರೆಗೆ ಬಗೆದ ದ್ರೋಹವೆಂದು ನಾನು ಎಣಿಸುವುದಿಲ್ಲ. ಬೇರೆ ಬಾಗಿಲುಗಳು ಮಕ್ಕಳಿಗಾದರೂ ತೆರೆಯಲೆಂದು ದುಡಿದ ತಂದೆತಾಯಿಯರೇ ಆ ಪೀಳಿಗೆಯಲ್ಲಿ ಹೆಚ್ಚು. ನಿಮ್ಮ ಅಂಗಡಿಯವರು ಈ ಕಸುಬಿನಲ್ಲೇ ಉಳಿದಿದ್ದಾರೆಂದರೆ ಅದು ಅವರು ಮಾಡಿಕೊಂಡ ಆಯ್ಕೆ, ಆದ್ದರಿಂದಲೇ ಅದಕ್ಕೆ ಬೆಲೆ ಹೆಚ್ಚು.

ನಿಮ್ಮ ಮಕ್ಕಳ ವಿಷಯ. ಕನಕಾಂಬರವನ್ನು ಕಾಣದವರಿಗೆ ಅದರ ಹೆಸರು ತಿಳಿಯದಿರುವುದು ಅವರ ತಪ್ಪಲ್ಲ. ಕುಂಡದಲ್ಲಿ ಬೆಳೆಸಿ ತೋರಿಸಿ. ಚಳಿಗಾಲದಲ್ಲಿ ಗಿಡವನ್ನು ಒಳಗಿಟ್ಟು ಕಾಪಾಡಬೇಕಾದೀತು. ಮುಂದಿನ ಹಬ್ಬಕ್ಕೆ ಹೂ ತರಲು ಹೋಗುವಾಗ ಅವರನ್ನೂ ಕರೆದೊಯ್ಯಿರಿ. ಅಂಗಡಿಯವರಿಗೆ ಬಿಡುವಿದ್ದರೆ, ಅವರ ಅಜ್ಜ ಯಾವ ಹೂವು ಬೆಳೆಯುತ್ತಿದ್ದರು, ಆ ನೆಲ ಯಾರ ಹೆಸರಿನಲ್ಲಿತ್ತು ಎಂದು ಕೇಳಿ ನೋಡಿ. ಹೇಳಲು ಮನಸ್ಸಿಲ್ಲದಿದ್ದರೆ ಒತ್ತಾಯಿಸಬೇಡಿ. ಹೇಳಿದರೆ, ಅವರ ಒಪ್ಪಿಗೆ ಪಡೆದು ನಮಗೆ ಬರೆದು ಕಳುಹಿಸಿ. ಪತ್ರಿಕೆಯಲ್ಲಿ ಅದಕ್ಕೆ ಸ್ಥಳವಿದೆ.

ಸಂಪಾದಕ