ಸ್ಟೀಮ್ ಲೈನ್ ಫ್ಲ್ಯಾಂಜ್ ಪದೇ ಪದೇ ಸೋರುತ್ತಿದ್ದರೆ ಸ್ಪೈರಲ್ ವೌಂಡ್ ಗ್ಯಾಸ್ಕೆಟ್ ಹಾಕಿ ಪ್ರಯೋಜನವಿದೆಯೇ?

ನೀವು ಬರೆದಿರುವ ಪ್ರಕಾರ ಲೈನ್ 4 ಇಂಚು, ಕ್ಲಾಸ್ 300 (ಒತ್ತಡ ತಡೆಯುವ ದರ್ಜೆ), ರೈಸ್ಡ್ ಫೇಸ್ ಫ್ಲ್ಯಾಂಜ್ (ಪೈಪ್ ಜೋಡಿಸುವ ಬಿಲ್ಲೆ, ಗ್ಯಾಸ್ಕೆಟ್ ಕೂರುವ ಮುಖ ತುಸು ಉಬ್ಬಿದ್ದು), ಸ್ಟೀಮ್ ಒತ್ತಡ ಚದರ ಸೆಂ.ಮೀ.ಗೆ 20 ಕೆಜಿ, ಸುಮಾರು 300 ಡಿಗ್ರಿ ಸೆಲ್ಸಿಯಸ್. ಬಾಯ್ಲರ್ ರಾತ್ರಿ ನಿಲ್ಲುತ್ತದೆ, ಬೆಳಿಗ್ಗೆ ಮತ್ತೆ ಶುರು. ಎರಡು ಫ್ಲ್ಯಾಂಜ್ ನಡುವೆ ಗ್ಯಾಸ್ಕೆಟ್ ಆಗಿ 3 ಮಿ.ಮೀ. ಪ್ಯಾಕಿಂಗ್ ಶೀಟ್ ಕತ್ತರಿಸಿ ಹಾಕಿದ್ದು ಕೆಲವೇ ತಿಂಗಳಲ್ಲಿ ಸೋರುತ್ತದೆ. ಇಂಥ ಜಾಗಕ್ಕೇ ಹೇಳಿ ಮಾಡಿಸಿದ್ದು ಸ್ಪೈರಲ್ ವೌಂಡ್. ಆದರೆ ಶೀಟ್ ಕೂರಿಸಿದ ಹಾಗೆ ಇದನ್ನೂ ಕೂರಿಸಿದರೆ ದುಡ್ಡು ದಂಡ.

ಮೊದಲು ಸೋರುವುದು ಏಕೆಂದು ನೋಡಿ. ಈ ಫ್ಲ್ಯಾಂಜಿಗೆ ಮುಕ್ಕಾಲು ಇಂಚಿನ 8 ಸ್ಟಡ್ (ಎರಡೂ ತುದಿಗೆ ನಟ್ ಹಾಕುವ ಬೋಲ್ಟ್). ಬಿ7 (ಗಟ್ಟಿ ಮಿಶ್ರಲೋಹದ ಸ್ಟೀಲ್) ಸ್ಟಡ್ಡನ್ನು 345 ಮೆಗಾಪಾಸ್ಕಲ್‌ವರೆಗೆ ಬಿಗಿದರೆ ಒಂದೊಂದರಲ್ಲೂ ಸುಮಾರು ಏಳೂವರೆ ಟನ್ ಎಳೆತ ನಿಲ್ಲುತ್ತದೆ. ಅಷ್ಟು ಎಳೆದರೂ ಸ್ಟಡ್ ಉದ್ದವಾಗುವುದು ಸುಮಾರು 0.15 ಮಿ.ಮೀ. ಮಾತ್ರ, ಒಂದೂವರೆ ಹಾಳೆ ಕಾಗದದ ದಪ್ಪ. ಜಾಯಿಂಟ್ ಬಿಗಿಯಾಗಿರುವುದೆಲ್ಲ ಆ ಚೂರು ಹಿಗ್ಗಿನ ಬಲದಲ್ಲಿ. ಶೀಟಿನಲ್ಲಿರುವ ರಬ್ಬರ್ ಶಾಖಕ್ಕೆ ಗಟ್ಟಿಯಾಗಿ, ಶೀಟ್ 0.05 ಮಿ.ಮೀ. ಕುಗ್ಗಿದರೂ ಬಿಗಿತದ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಹೋಯಿತು. ದಿನಾ ಕಾದು ತಣಿಯುವ ಲೈನಿನಲ್ಲಿ ಇದು ಸ್ವಲ್ಪ ಸ್ವಲ್ಪವೇ ಆಗುತ್ತಾ ಹೋಗುತ್ತದೆ.

ಸ್ಪೈರಲ್ ವೌಂಡ್‌ನಲ್ಲಿ ‘ವಿ’ ಆಕಾರಕ್ಕೆ ಮಡಿಸಿದ ತೆಳು ಸ್ಟೀಲ್ ಪಟ್ಟಿ ಮತ್ತು ಗ್ರಾಫೈಟ್ ಪಟ್ಟಿ ಒಂದರ ಮೇಲೊಂದು ಸುರುಳಿ ಸುತ್ತಿರುತ್ತವೆ. ಗ್ರಾಫೈಟ್ ಫ್ಲ್ಯಾಂಜ್ ಮುಖದ ಸಣ್ಣ ಗೆರೆಗಳನ್ನು ತುಂಬುತ್ತದೆ, ‘ವಿ’ ಮಡಿಕೆ ಸ್ಪ್ರಿಂಗ್ ಆಗುತ್ತದೆ. ಫ್ಲ್ಯಾಂಜ್ ತುಸು ಸಡಿಲಗೊಂಡರೆ ಮಡಿಕೆ ಬಿಚ್ಚಿಕೊಂಡು ಹಿಂದೆಯೇ ಬರುತ್ತದೆ. ಗ್ರಾಫೈಟ್‌ನಲ್ಲಿ ರಬ್ಬರ್ ಇಲ್ಲ, ಹಾಗಾಗಿ 300 ಡಿಗ್ರಿಗೆ ಒಣಗಿ ಬಿರಿಯುವ ಮಾತಿಲ್ಲ. ಇನ್ನು ಹೊರಗಿನ ರಿಂಗ್: ಗ್ಯಾಸ್ಕೆಟ್ಟನ್ನು ಸ್ಟಡ್‌ಗಳ ನಡುವೆ ಸರಿಯಾಗಿ ಕೂರಿಸುತ್ತದೆ, ಸುರುಳಿ ಹೊರಕ್ಕೆ ಸಿಡಿಯದಂತೆ ಹಿಡಿಯುತ್ತದೆ, ಅತಿಯಾಗಿ ಚಪ್ಪಟೆಯಾಗುವುದನ್ನೂ ತಡೆಯುತ್ತದೆ. ಶೀಟಿನ ಹಾಗೆ ತುಂಡಾಗಿ ಹಾರಿಹೋಗುವ ಭಯ ಬಹಳ ಕಡಿಮೆ. ನನ್ನ ಲೆಕ್ಕದಲ್ಲಿ ಹೆಚ್ಚಿನ ಬೆಲೆ ಕೊಡಲು ಈ ಒಂದು ಕಾರಣವೇ ಸಾಕು, ಸ್ಟೀಮ್ ಲೈನ್ ಪಕ್ಕದಲ್ಲಿ ಜನ ಓಡಾಡುತ್ತಾರೆ.

ಆರ್ಡರ್ ಕೊಡುವಾಗ ಹೀಗೆ ಬರೆಯಿರಿ: ಎಎಸ್‌ಎಂಇ ಬಿ16.20 (ಗ್ಯಾಸ್ಕೆಟ್ ಅಳತೆಯ ಮಾನದಂಡ), 4 ಇಂಚು, ಕ್ಲಾಸ್ 300, 316ಎಲ್ (ಸ್ಟೇನ್‌ಲೆಸ್ ಸ್ಟೀಲ್) ಸುರುಳಿ, ಗ್ರಾಫೈಟ್ ಫಿಲ್ಲರ್, 316ಎಲ್ ಒಳ ರಿಂಗ್, ಕಾರ್ಬನ್ ಸ್ಟೀಲ್ ಹೊರ ರಿಂಗ್. ಒಳ ರಿಂಗ್ ಬೇಡವೆಂದು ಉಳಿತಾಯ ಮಾಡಬೇಡಿ. ಅದಿಲ್ಲದಿದ್ದರೆ ಸುರುಳಿ ಪೈಪಿನ ಒಳಕ್ಕೆ ಬಾಗಿ, ಬಿಚ್ಚಿದ ಪಟ್ಟಿ ಸ್ಟೀಮ್ ಜತೆ ಮುಂದಿನ ವಾಲ್ವ್‌ಗೆ ಹೋಗಬಹುದು. ಬಂದ ಮಾಲಿನ ಅಂಚು ನೋಡಿ: 316ಎಲ್‌ಗೆ ಹಸಿರು ಬಣ್ಣ, ಗ್ರಾಫೈಟ್‌ಗೆ ಬೂದು ಗೀಟು. ಹಳದಿ ಇದ್ದರೆ ಅದು 304 ಎಂಬ ಬೇರೆ ಸ್ಟೇನ್‌ಲೆಸ್ ಸ್ಟೀಲ್. ಸ್ಟೋರ್ಸ್‌ನಲ್ಲಿ ಕ್ಲಾಸ್ 150, 300 ಬೆರೆಯದಂತೆ ಇಡಿಸಿ. 4 ಇಂಚಿನಲ್ಲಿ ಎರಡರ ಸುರುಳಿಯೂ ಒಂದೇ ಅಳತೆ, ಹೊರ ರಿಂಗ್ ಮಾತ್ರ ಬೇರೆ (ಸುಮಾರು 175 ಮತ್ತು 181 ಮಿ.ಮೀ.). 150ರದ್ದು ಹಾಕಿದರೆ ಸ್ಟಡ್‌ಗೆ ತಾಗದೆ ಪಕ್ಕಕ್ಕೆ ಜಾರಿ ಕೂರುತ್ತದೆ.

ಕೂರಿಸುವಾಗ ಹಳೆ ಶೀಟನ್ನು ಹಿತ್ತಾಳೆ ಸ್ಕ್ರೇಪರ್‌ನಿಂದ ಪೂರ್ತಿ ತೆಗೆಯಿರಿ. ಗ್ರೈಂಡರ್ ಮುಟ್ಟಿಸಬೇಡಿ. ಫ್ಲ್ಯಾಂಜ್ ಮುಖದ ಸುತ್ತುಗೆರೆಗಳು ಇರಲೇಬೇಕು, ಅಡ್ಡ ಗೀರು ಇರಬಾರದು. ಒಳಗಿನಿಂದ ಹೊರಕ್ಕೆ ಒಂದೇ ಗೀರು ಹೋಗಿದ್ದರೂ ಸ್ಟೀಮ್‌ಗೆ ಅದೇ ದಾರಿ. ಗ್ಯಾಸ್ಕೆಟ್‌ಗೆ ಗ್ರೀಸು, ಶೆಲಾಕ್ ಏನನ್ನೂ ಬಳಿಯಬೇಡಿ. ಆಂಟಿಸೀಜ್ ಪೇಸ್ಟ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವಂಥದ್ದು) ಹಚ್ಚಬೇಕಾದ್ದು ಸ್ಟಡ್ಡಿನ ಥ್ರೆಡ್ಡಿಗೆ ಮತ್ತು ನಟ್ಟು ಕೂರುವ ಮುಖಕ್ಕೆ. ಪೇಸ್ಟ್ ಹಚ್ಚಿದ್ದರೆ (ನಟ್ ಫ್ಯಾಕ್ಟರ್, ಅಂದರೆ ಉಜ್ಜಾಟದ ಲೆಕ್ಕ, 0.16) 225 ನ್ಯೂಟನ್ ಮೀಟರ್ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಮೇಲೆ ಹೇಳಿದ ಎಳೆತ ಸಿಗುತ್ತದೆ. ತುಕ್ಕು ಹಿಡಿದ ಒಣ ಸ್ಟಡ್ಡಿಗೆ ಅದೇ ಟಾರ್ಕ್ ಕೊಟ್ಟರೆ ಅರ್ಧದಷ್ಟು ಎಳೆತವೂ ಸಿಗದಿರಬಹುದು, ಉಳಿದದ್ದು ಉಜ್ಜಾಟಕ್ಕೇ ಹೋಗುತ್ತದೆ. ‘ಟಾರ್ಕ್ ರೆಂಚಲ್ಲೇ ಬಿಗಿದೆವು, ಆದರೂ ಸೋರಿತು’ ಎಂಬ ದೂರು ಎಷ್ಟೋ ಸಲ ಹುಟ್ಟುವುದು ಇಲ್ಲೇ.

ಸ್ಟಡ್‌ಗಳಿಗೆ ಸುತ್ತಲೂ ವರಸೆಯಾಗಿ ನಂಬರ್ ಹಾಕಿದರೆ ಬಿಗಿಯುವ ಕ್ರಮ 1-5-3-7, ಆಮೇಲೆ 2-6-4-8. ಮೊದಲ ಸುತ್ತು ಟಾರ್ಕಿನ 30%, ಎರಡನೆಯದು 70%, ಮೂರನೆಯದು ಪೂರ್ತಿ. ನಂತರ ನಟ್ ಅಲುಗದಂತಾಗುವವರೆಗೆ ವೃತ್ತಾಕಾರದಲ್ಲೇ ಸುತ್ತಿ. ಕನಿಷ್ಠ 4 ಗಂಟೆ ಬಿಟ್ಟು, ಸ್ಟೀಮ್ ಕೊಡುವ ಮುಂಚೆ, ಇನ್ನೊಂದು ಸುತ್ತು. ಪ್ರತಿ ಸುತ್ತಿನ ನಡುವೆ ಎರಡು ಫ್ಲ್ಯಾಂಜ್‌ಗಳ ಹೊರ ಅಂಚಿನ ಸಂದನ್ನು ವರ್ನಿಯರ್‌ನಲ್ಲಿ ನಾಲ್ಕು ಕಡೆ ಅಳೆಯಿರಿ. 4.5 ಮಿ.ಮೀ. ಸುರುಳಿ ಸರಿಯಾಗಿ ಅದುಮಿದಾಗ 3.2ರಿಂದ 3.4ಕ್ಕೆ ಇಳಿಯುತ್ತದೆ, ಎರಡೂ ಕಡೆಯ 1.6 ಮಿ.ಮೀ. ರೈಸ್ಡ್ ಫೇಸ್ ಸೇರಿದರೆ ಸಂದು 6.5 ಮಿ.ಮೀ. ಆಸುಪಾಸು ಬರಬೇಕು. ಒಂದು ಕಡೆ 6.3, ಎದುರಿಗೆ 7.2 ಬಂದರೆ ಫ್ಲ್ಯಾಂಜ್ ಓರೆಯಾಗಿದೆ ಎಂದೇ ಅರ್ಥ, ಹಾಗೇ ಬಿಡಬೇಡಿ. ಒಮ್ಮೆ ಅದುಮಿದ ಗ್ಯಾಸ್ಕೆಟ್ ಬಿಚ್ಚಿದರೆ ಗುಜರಿಗೆ, ಮತ್ತೆ ಹಾಕುವಂತಿಲ್ಲ. ಸ್ಥಳದಲ್ಲೇ ಕತ್ತರಿಸಿಕೊಳ್ಳಲೂ ಆಗದ ಕಾರಣ ಶಟ್‌ಡೌನ್‌ಗೆ ಮುಂಚೆ ಸೈಜುವಾರು ಸ್ಪೇರ್ ತರಿಸಿಡಿ.

ಇದೇ ಉತ್ಸಾಹದಲ್ಲಿ ಪ್ಲಾಂಟಿನ ಎಲ್ಲ ಫ್ಲ್ಯಾಂಜಿಗೂ ಹಾಕಿಸಬೇಡಿ. ಕ್ಲಾಸ್ 150ರಲ್ಲಿ, ಮುಖ್ಯವಾಗಿ ನಾಲ್ಕೇ ಬೋಲ್ಟ್ ಇರುವ ಸೈಜುಗಳಲ್ಲಿ, ಸುರುಳಿಯನ್ನು ಪೂರ್ತಿ ಅದುಮುವ ಬಲ ಸಿಗುವುದು ಕಷ್ಟ. ಎರಕದ ಕಬ್ಬಿಣದ ಫ್ಲ್ಯಾಟ್ ಫೇಸ್ ಫ್ಲ್ಯಾಂಜ್ ಇರುವ ನೀರಿನ ಪಂಪಿಗಂತೂ ಬೇಡವೇ ಬೇಡ, ಬಿಗಿದಾಗ ಅಂಚು ಬಾಗಿ ಫ್ಲ್ಯಾಂಜೇ ಸೀಳುತ್ತದೆ. ಅಲ್ಲಿಗೆ ಬೋಲ್ಟ್ ಸಾಲಿನಾಚೆಗೂ ಹರಡುವ ಫುಲ್ ಫೇಸ್ ಶೀಟೇ ಸರಿ.